ನೀರೊಲೆಯ ಹೊಗೆಗೆ ಯಾವ ಇಲಾಖೆ ಹೊಣೆ? ಬಚ್ಚಲುಮನೆಯ ಗಾಳಿಯ ಬಗ್ಗೆ ಒಂದು ಬಹಿರಂಗ ಪತ್ರ

ಇವರಿಗೆ,
ಮುಖ್ಯ ಕಾರ್ಯದರ್ಶಿಗಳು,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು

ಪ್ರತಿ: ಆರೋಗ್ಯ, ಗ್ರಾಮೀಣಾಭಿವೃದ್ಧಿ, ವಸತಿ, ಆಹಾರ ಮತ್ತು ನಾಗರಿಕ ಸರಬರಾಜು, ಇಂಧನ, ನಗರಾಭಿವೃದ್ಧಿ, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಗಳು

ಮಾನ್ಯರೇ,

ಕರ್ನಾಟಕದ ಅಡುಗೆಮನೆಗಳಿಗೆ ಗ್ಯಾಸ್ ಬಂದಿದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಅಡುಗೆಗೆ ಶುದ್ಧ ಇಂಧನ ಬಳಸುವ ಮನೆಗಳು 2015-16ರಲ್ಲಿ ನೂರಕ್ಕೆ 55ರಷ್ಟಿದ್ದವು. 2019-21ರ ಹೊತ್ತಿಗೆ 80ರ ಹತ್ತಿರಕ್ಕೆ ಬಂದವು. ದೊಡ್ಡ ಕೆಲಸ ಇದು, ಮಾಡಿದವರಿಗೆ ಸಲ್ಲಬೇಕಾದ ಗೌರವ ಸಲ್ಲಲಿ. ಆದರೆ ಸಮೀಕ್ಷೆಯವರು ಮನೆ ಬಾಗಿಲಿಗೆ ಬಂದಾಗ ಕೇಳುವುದು ಅಡುಗೆಗೆ ಮುಖ್ಯವಾಗಿ ಏನು ಬಳಸುತ್ತೀರಿ ಎಂದು. ಜನಗಣತಿಯ ಪ್ರಶ್ನೆಯೂ ಅದೇ. "ಗ್ಯಾಸ್" ಎಂದು ಬರೆದುಕೊಂಡು ಹೋದ ಎಷ್ಟೋ ಮನೆಗಳ ಹಿಂಭಾಗದಲ್ಲಿ, ಬೆಳಗಿನ ಐದೂವರೆಗೆ, ಬಚ್ಚಲಿನ ಹಂಡೆಯ ಕೆಳಗೆ ಕಟ್ಟಿಗೆ ಉರಿಯುತ್ತಿರುತ್ತದೆ. ಆ ಬೆಂಕಿಗೆ ಆ ನಮೂನೆಗಳಲ್ಲಿ ಜಾಗವಿಲ್ಲ.

ಇನ್ನೊಂದು ಕಡೆ, ಪೇಟೆಗೆ ಬಂದು ಕಟ್ಟಿಗೆ ಬಿಟ್ಟ ಕುಟುಂಬ ಸಣ್ಣ ಬಚ್ಚಲಿನ ಗೋಡೆಗೆ ಗ್ಯಾಸ್ ಗೀಸರ್ ಜೋಡಿಸಿಕೊಳ್ಳುತ್ತದೆ. ಅಲ್ಲಿ ಕಣ್ಣಿಗೆ ಕಾಣುವ ಹೊಗೆ ಇಲ್ಲ, ವಾಸನೆ ಇಲ್ಲ. ಚಿಲಕ ಹಾಕಿಕೊಂಡು ಸ್ನಾನಕ್ಕೆ ಹೋದವರು ಹೊರಗೆ ಬರುವುದಿಲ್ಲ. ಚಳಿಗಾಲದಲ್ಲಿ ಪತ್ರಿಕೆಯ ಒಳಪುಟದಲ್ಲಿ ನಾಲ್ಕು ಸಾಲಿನ ಸುದ್ದಿಯಾಗಿ ಅದು ಮುಗಿದುಹೋಗುತ್ತದೆ.

ಹಳ್ಳಿಯ ನೀರೊಲೆ, ಪೇಟೆಯ ಗ್ಯಾಸ್ ಗೀಸರ್ ಎರಡೂ ಇರುವುದು ಒಂದೇ ಕೋಣೆಯಲ್ಲಿ. ಸಿಲಿಂಡರ್ ಒಂದು ಇಲಾಖೆಗೆ ಸೇರಿದ್ದು, ಮನೆಯ ನಕ್ಷೆ ಇನ್ನೊಂದಕ್ಕೆ, ಕೆಮ್ಮು ಮತ್ತೊಂದಕ್ಕೆ, ಕರೆಂಟು ಮಗದೊಂದಕ್ಕೆ. ಹೀಗೆ ಹಂಚಿಹೋಗಿರುವುದರಿಂದ ಬಚ್ಚಲಿನ ಗಾಳಿ ಯಾರಿಗೂ ಸೇರಿಲ್ಲ. ಎಲ್ಲ ಇಲಾಖೆಗಳನ್ನು ಒಂದು ಮೇಜಿಗೆ ಕರೆಯಬಲ್ಲವರು ನೀವು, ಹಾಗಾಗಿ ಈ ಪತ್ರ ನಿಮಗೆ.

ಅಡುಗೆಗೆ ಗ್ಯಾಸ್ ಇದ್ದೂ ಸ್ನಾನದ ನೀರಿಗೆ ಕಟ್ಟಿಗೆ ಯಾಕೆ ಎನ್ನುವುದಕ್ಕೆ ಹಠವಾಗಲಿ ತಿಳಿವಳಿಕೆಯ ಕೊರತೆಯಾಗಲಿ ಕಾರಣವಲ್ಲ. ಲೆಕ್ಕವೇ ಹಾಗಿದೆ. ಐದು ಜನರ ಮನೆಗೆ 60 ಲೀಟರಿನ ಒಂದು ಹಂಡೆ ಎಂದಿಟ್ಟುಕೊಳ್ಳಿ. 20 ಡಿಗ್ರಿಯ ನೀರು 60 ಡಿಗ್ರಿಗೆ ಕಾಯಲು ಸುಮಾರು 10 ಮೆಗಾಜೂಲ್ ಶಾಖ ಬೇಕು. ಇದನ್ನು ಗ್ಯಾಸ್ ಒಲೆಯ ಮೇಲೆ ಪಾತ್ರೆಯಿಟ್ಟು ಕಾಯಿಸಿದರೆ ದಿನಕ್ಕೆ ಸುಮಾರು 400 ಗ್ರಾಂ, ತಿಂಗಳಿಗೆ 12 ಕೆಜಿ ಗ್ಯಾಸ್ ಹೋಗುತ್ತದೆ. 14.2 ಕೆಜಿಯ ಸಿಲಿಂಡರ್ ಬರಿಯ ಸ್ನಾನಕ್ಕೇ ಖಾಲಿ. ಯಾವ ಗೃಹಿಣಿಯೂ ಹಾಗೆ ಮಾಡುವುದಿಲ್ಲ; ಮಾಡಿ ಎಂದು ಹೇಳಲು ನಮಗೂ ಬಾಯಿ ಬರುವುದಿಲ್ಲ. ನೀರಿಗೆ ಕರೆಂಟಿನ ಕಾಯಿಲ್ ಹಾಕಿದರೆ ದಿನಕ್ಕೆ 2.8 ಯೂನಿಟ್, ತಿಂಗಳಿಗೆ 84 ಯೂನಿಟ್. ಗೃಹಜ್ಯೋತಿಯಲ್ಲಿ ಉಚಿತ ಯೂನಿಟ್ ನಿಗದಿಯಾಗುವುದು ಹಿಂದಿನ ಸರಾಸರಿ ಬಳಕೆಗೆ ಸ್ವಲ್ಪ ಸೇರಿಸಿ. ತಿಂಗಳಿಗೆ 50 ಯೂನಿಟ್ ಬಳಸುತ್ತಿದ್ದ ಬಡ ಮನೆ ಕಟ್ಟಿಗೆ ಬಿಟ್ಟು ಕರೆಂಟಿಗೆ ಬಂದರೆ, ಹೆಚ್ಚುವರಿ ಬಳಕೆಯ ಬಹುಪಾಲಿಗೆ ಅದು ದುಡ್ಡು ಕೊಡಬೇಕು. ಮೊದಲಿನಿಂದಲೂ ಗೀಸರ್ ಇದ್ದ ಮನೆಗೆ ಆ ಬಳಕೆ 200 ಯೂನಿಟ್ ಮಿತಿಯೊಳಗೆ ಉಚಿತವಾಗಿ ಸಿಕ್ಕಿದೆ. ಇದು ಯಾರೂ ಬೇಕೆಂದು ಮಾಡಿದ ಅನ್ಯಾಯವಲ್ಲ, ಆದರೆ ಹೊಗೆಯಿಂದ ಹೊರಬರಲು ಹೊರಟವರಿಗೆ ಇದು ತಡೆಗೋಡೆಯಾಗಿ ನಿಂತಿದೆ.

ಕಟ್ಟಿಗೆಗಾದರೆ ಕೈಯಿಂದ ಕಾಸು ಬಿಚ್ಚಬೇಕಿಲ್ಲ. ತೋಟ ಇದ್ದಲ್ಲಿ ತೆಂಗಿನ ಮಟ್ಟೆ, ಸೋಗೆ, ಅಡಿಕೆ ಸಿಪ್ಪೆ. ಬಯಲುಸೀಮೆಯಲ್ಲಿ ತೊಗರಿ ಕಟ್ಟಿಗೆ, ಹತ್ತಿ ಕಟ್ಟಿಗೆ, ಬೆರಣಿ. ಅಡುಗೆ ಒಲೆಗೆ ಒಳ್ಳೆಯ ಸೌದೆ ಆರಿಸಿಟ್ಟ ಮನೆಯಲ್ಲೂ ನೀರೊಲೆಗೆ ಬೀಳುವುದು ಉಳಿದದ್ದು: ಹಸಿ ಕೊಂಬೆ, ಬಣ್ಣ ಬಳಿದ ಹಳೇ ಕಿಟಕಿಯ ತುಂಡು, ರಟ್ಟು, ಹಾಲಿನ ಕವರ್, ಹರಿದ ಚಪ್ಪಲಿ. ಬೇಗ ಹೊತ್ತಲಿ ಎಂದು ಒಂದು ಪ್ಲಾಸ್ಟಿಕ್ ಚೀಲ. ಪಿವಿಸಿ ಸುಟ್ಟರೆ ಹೈಡ್ರೋಕ್ಲೋರಿಕ್ ಆಮ್ಲದ ಆವಿ ಬರುತ್ತದೆ, ಡಯಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಹಳೇ ಬಣ್ಣದಲ್ಲಿ ಸೀಸ ಇರಬಹುದು. ಮನೆಯ ಎರಡು ಒಲೆಗಳಲ್ಲಿ ಕೆಟ್ಟ ಹೊಗೆ ಬಚ್ಚಲಿನದ್ದೇ.

ಪ್ರಮಾಣವೂ ಕಡಿಮೆಯದಲ್ಲ. ಒಣಗಿದ ಸೌದೆ ಕೆಜಿಗೆ ಸುಮಾರು 15 ಮೆಗಾಜೂಲ್ ಶಾಖ ಕೊಡುತ್ತದೆ. ಮೂರು ಕಡೆ ಗೋಡೆ ಎಬ್ಬಿಸಿ ಮೇಲೆ ಹಂಡೆ ಕೂರಿಸಿದ ಒಲೆಯಲ್ಲಿ ಅದರ ಎಂಟನೇ ಒಂದು ಪಾಲಷ್ಟೇ ನೀರಿಗೆ ಸೇರುವುದು. ಹಾಗಾಗಿ ಅದೇ 60 ಲೀಟರಿಗೆ ಐದೂವರೆ ಕೆಜಿ ಸೌದೆ, ವರ್ಷಕ್ಕೆ ಎರಡು ಟನ್. ಒಂದು ಕೆಜಿ ಸೌದೆ ಹೀಗೆ ಉರಿದಾಗ ಕೆಲವು ಗ್ರಾಂ ಸೂಕ್ಷ್ಮ ಕಣ ಗಾಳಿಗೆ ಸೇರುತ್ತದೆ. ಕೆಲವು ಗ್ರಾಂ ಎಂದರೆ ಎಷ್ಟು? 20ಕ್ಕೆ 30 ಅಡಿಯ, 9 ಅಡಿ ಎತ್ತರದ ಮನೆಯೊಳಗೆ ಒಂದೇ ಒಂದು ಗ್ರಾಂ ಹರಡಿದರೂ ಘನ ಮೀಟರಿಗೆ 6,500 ಮೈಕ್ರೋಗ್ರಾಂ ಆಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಪಿಎಂ 2.5 ಎಂಬ ಈ ಸೂಕ್ಷ್ಮ ಕಣಕ್ಕೆ ಇಟ್ಟ ದಿನದ ಮಿತಿ 15. ನಮ್ಮ ದೇಶ 2009ರಲ್ಲಿ ಹೊರಗಿನ ಗಾಳಿಗೆ ಇಟ್ಟ ಮಿತಿ 60. ಗಾಳಿ ಆಡುತ್ತಿದ್ದಂತೆ ಹೊಗೆ ತಿಳಿಯಾಗುತ್ತದೆ, ನಿಜ. ಆದರೆ ಬಚ್ಚಲು ಮನೆಗೆ ಅಂಟಿಕೊಂಡೇ ಇದ್ದು, ನಡುವೆ ಒಂದು ಬಾಗಿಲಷ್ಟೇ ಇದ್ದು, ಆ ಬಾಗಿಲು ಬೆಳಗ್ಗೆಯೆಲ್ಲ ತೆರೆದೇ ಇದ್ದರೆ ಹೊಗೆ ಮೊದಲು ಹೋಗುವುದು ಮಲಗಿರುವ ಮಕ್ಕಳ ಕಡೆಗೆ. ನಂಬಿಕೆ ಬಾರದಿದ್ದರೆ ಗ್ಯಾಸ್ ಬಂದು ಐದು ವರ್ಷವಾದ ಮನೆಯ ಬಚ್ಚಲಲ್ಲಿ ತಲೆಯೆತ್ತಿ ಜಂತಿ ನೋಡಿ. ಅಂಟಂಟು ಇಲ್ಲಣ ಈಗಲೂ ಜೋತಾಡುತ್ತಿರುತ್ತದೆ.

ಒಲೆಯ ಮುಂದೆ ಕೂತವರ ಸ್ಥಿತಿಯನ್ನು ಹತ್ತಿರದಿಂದ ನೋಡಬೇಕು. ಒದ್ದೆ ನೆಲ, ಕುಕ್ಕರಗಾಲು. ಊದುಗೊಳವೆಯ ಒಂದು ತುದಿ ಬಾಯಲ್ಲಿ, ಇನ್ನೊಂದು ತುದಿ ಕೆಂಡದ ಹತ್ತಿರ. ಮುಖಕ್ಕೂ ಬೆಂಕಿಗೂ ಒಂದೂವರೆ ಅಡಿ. ಜೋರಾಗಿ ಊದಿದ ಮೇಲೆ ಅಷ್ಟೇ ಜೋರಾಗಿ ಉಸಿರು ಎಳೆದುಕೊಳ್ಳಲೇಬೇಕು. ಎಳೆಯುವ ಆ ಹೊತ್ತಿಗೇ ಹೊಗೆ ಅತಿ ದಟ್ಟವಾಗಿರುತ್ತದೆ. ದಿನಕ್ಕೆ ಎರಡು ಹೊತ್ತು, ಹೆಚ್ಚಾಗಿ ಮನೆಯ ಹಿರಿಯ ಹೆಂಗಸು ಅಥವಾ ಶಾಲೆಗೆ ಹೋಗುವ ಹುಡುಗಿ.

ಇದಕ್ಕಿಂತ ನಮ್ಮನ್ನು ಕಾಡುವುದು ಬಾಣಂತನ. ಬಾಣಂತಿಗೂ ಕೂಸಿಗೂ ಹಂಡೆಗಟ್ಟಲೆ ಬಿಸಿನೀರು ಬೇಕು, ಒಲೆ ಗಂಟೆಗಟ್ಟಲೆ ಉರಿಯುತ್ತದೆ. ಗಾಳಿ ತಾಗಬಾರದೆಂದು ಬಚ್ಚಲಿನ ಕಿಟಕಿಗೆ ಗೋಣಿ ಬೀಳುತ್ತದೆ. ಎಣ್ಣೆ ತಿಕ್ಕಿ ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಎರೆಯುವುದು ಅದೇ ಒಲೆಯ ಪಕ್ಕದಲ್ಲಿ. ಆಮೇಲೆ ಕೆಂಡಕ್ಕೆ ಸಾಂಬ್ರಾಣಿ, ಓಮ, ಬೆಳ್ಳುಳ್ಳಿ ಸಿಪ್ಪೆ ಹಾಕಿ ಕೂಸಿನ ತಲೆಗೆ, ಬೆನ್ನಿಗೆ ಹೊಗೆ ಹಿಡಿಯುತ್ತಾರೆ. ಕೋಣೆಯಲ್ಲಿ ಮಂಚದ ಕೆಳಗೆ ಅಗ್ಗಿಷ್ಟಿಕೆ ಇರುತ್ತದೆ. ಹುಟ್ಟಿದ ಕೂಸು ನಿಮಿಷಕ್ಕೆ 40ರಿಂದ 60 ಸಲ ಉಸಿರಾಡುತ್ತದೆ. ತೂಕಕ್ಕೆ ಹೋಲಿಸಿದರೆ ದೊಡ್ಡವರಿಗಿಂತ ಹೆಚ್ಚು ಗಾಳಿ, ಅದರೊಂದಿಗೆ ಹೆಚ್ಚು ಹೊಗೆ ಒಳಕ್ಕೆ. ಬಿಸಿನೀರು, ಎಣ್ಣೆ, ಬೆಚ್ಚನೆಯ ಕೋಣೆ ಯಾವುದನ್ನೂ ನಾವು ಬೇಡ ಎನ್ನುವುದಿಲ್ಲ. ಕೂಸನ್ನು ಬೆಚ್ಚಗಿಡುವುದು ಸರಿಯಾದ ವೈದ್ಯವೇ. ಬೆಚ್ಚಗಿಡಲು ಕೆಂಡವಾಗಲಿ ಹೊಗೆಯಾಗಲಿ ಬೇಕಿಲ್ಲ, ಅಷ್ಟೇ. ಒಲೆ ಆರಿ ಹೊಗೆ ಹೋದ ಮೇಲೆ ಎರೆಯುವುದು, ಕೂಸನ್ನು ತಾಯಿಯ ಎದೆಗವಚಿ ಹೊದಿಸುವುದು, ತಲೆ ಒರೆಸಿ ಟೋಪಿ ಹಾಕುವುದು ಸಾಕು.

ಆಶಾ ಕಾರ್ಯಕರ್ತೆಯರು ಆಸ್ಪತ್ರೆಯಲ್ಲಿ ಹೆರಿಗೆಯಾದ ಮನೆಗೆ 3, 7, 14, 21, 28 ಮತ್ತು 42ನೇ ದಿನ ಹೋಗುತ್ತಾರೆ. ಅವರ ಪಟ್ಟಿಯಲ್ಲಿ ಎದೆಹಾಲಿದೆ, ತೂಕವಿದೆ, ಹೊಕ್ಕುಳಿದೆ. "ಸ್ನಾನದ ನೀರು ಎಲ್ಲಿ ಕಾಯುತ್ತದೆ, ಹೊಗೆ ಎಲ್ಲಿಗೆ ಹೋಗುತ್ತದೆ, ಕೋಣೆಯಲ್ಲಿ ಕೆಂಡ ಇಡುತ್ತೀರಾ" ಎಂಬ ಮೂರು ಪ್ರಶ್ನೆ ಸೇರಿಸಿ. ತಾಯಿ ಕಾರ್ಡಿನಲ್ಲಿ ಅದಕ್ಕೊಂದು ಗೆರೆ ಕೊಡಿ. ಬಾಣಂತಿಯ ಅತ್ತೆ, ತಾಯಿ ಇಬ್ಬರೂ ಎದುರಿಗೆ ಇರುವಾಗಲೇ ಈ ಮಾತು ಆಡಬೇಕು. ಬಾಣಂತಿಯೊಬ್ಬಳಿಗೇ ಹೇಳಿದರೆ ಆ ಮನೆಯಲ್ಲಿ ಏನೂ ಬದಲಾಗುವುದಿಲ್ಲ.

ಹೊಗೆ ಎಂದರೆ ಕೆಮ್ಮು, ದಮ್ಮು ಎಂದಷ್ಟೇ ಜನ ತಿಳಿದಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2020ರಲ್ಲಿ ಮನೆಯೊಳಗಿನ ಹೊಗೆಯಿಂದ ಜಗತ್ತಿನಲ್ಲಿ 32 ಲಕ್ಷ ಸಾವುಗಳಾದವು, ಅದರಲ್ಲಿ 2.37 ಲಕ್ಷಕ್ಕೂ ಹೆಚ್ಚು ಮಕ್ಕಳು ಐದು ವರ್ಷದೊಳಗಿನವರು. ಈ ಸಾವುಗಳಲ್ಲಿ ನೂರಕ್ಕೆ 32 ಹೃದಯದ್ದು, 23 ಪಾರ್ಶ್ವವಾಯುವಿನದು. ಅರ್ಧಕ್ಕಿಂತ ಹೆಚ್ಚು ರಕ್ತನಾಳದ ಕಾಯಿಲೆಯೇ. ನ್ಯುಮೋನಿಯಾದಂಥ ಶ್ವಾಸಕೋಶದ ಸೋಂಕು 21, ಸಿಒಪಿಡಿ ಎಂಬ ಶ್ವಾಸನಾಳ ಕಿರಿದಾಗುವ ದೀರ್ಘಕಾಲದ ಕಾಯಿಲೆ 19, ಶ್ವಾಸಕೋಶದ ಕ್ಯಾನ್ಸರ್ 6. ಪಿಎಂ 2.5 ಕಣ ತಲೆಗೂದಲಿನ ದಪ್ಪದಲ್ಲಿ ಇಪ್ಪತ್ತೈದನೇ ಒಂದು ಪಾಲು ಇರುತ್ತದೆ. ಮೂಗಿನ ಕೂದಲು, ಗಂಟಲಿನ ಲೋಳೆ ಅದನ್ನು ಹಿಡಿಯಲಾರವು. ಗಾಳಿಚೀಲಗಳವರೆಗೂ ಇಳಿದು ಉರಿಯೂತ ಎಬ್ಬಿಸುತ್ತದೆ, ಅದರ ಪರಿಣಾಮ ರಕ್ತನಾಳದ ಒಳಗೋಡೆಯವರೆಗೂ ಹೋಗುತ್ತದೆ. ಕಣ್ಣಿನ ಪೊರೆ, ಕಡಿಮೆ ತೂಕದ ಕೂಸು ಇವುಗಳ ಹಿಂದೆಯೂ ಹೊಗೆಯ ಪಾಲಿದೆ. ಬೀಡಿ ಸಿಗರೇಟು ಮುಟ್ಟದ ಐವತ್ತರ ಹೆಂಗಸು ನಾಲ್ಕು ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದರೆ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ರಕ್ತಹೀನತೆ, ವಯಸ್ಸು ಎನ್ನುವ ಮೊದಲು ಒಲೆಯ ಬಗ್ಗೆ ಕೇಳಬೇಕು. ಉಸಿರಿನ ಬಲ ಅಳೆಯುವ ಸ್ಪೈರೋಮೀಟರಿನಲ್ಲಿ ಊದಿಸಿ ನೋಡಬೇಕು.

ಇನ್ನು ಒಲೆಯ ಮಾತು. ಈ ನಾಡಿಗೆ ಇದು ಹೊಸದಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ 'ಅಸ್ತ್ರ' ತಂಡ ಕೊಟ್ಟ ಅಸ್ತ್ರ ಒಲೆ ಹಳ್ಳಿಹಳ್ಳಿಗೆ ಹೋಗಿತ್ತು. ರಾಷ್ಟ್ರೀಯ ಸುಧಾರಿತ ಒಲೆ ಕಾರ್ಯಕ್ರಮ 1983ರಿಂದ 2002ರವರೆಗೆ ನಡೆಯಿತು. ಎಷ್ಟೋ ಒಲೆಗಳು ಕೆಲವೇ ವರ್ಷಗಳಲ್ಲಿ ಮೂಲೆ ಸೇರಿದವು, ಕಾರಣಗಳೂ ಗೊತ್ತಿವೆ: ಹೊಗೆಕೊಳವೆಯೊಳಗೆ ಮಸಿ ಕಟ್ಟಿತು, ತೆಗೆಯುವವರಿರಲಿಲ್ಲ, ಕೊಳವೆಯ ಸುತ್ತ ಹೆಂಚು ಸೋರಿತೆಂದು ಮನೆಯವರೇ ಕಿತ್ತರು, ದುಡ್ಡು ಉಳಿಸಲು ಕೊಳವೆಯನ್ನು ಹೆಂಚಿನ ಕೆಳಗೇ ನಿಲ್ಲಿಸಿದ್ದರು, ಹೊಗೆ ತಿರುಗಿ ಮನೆಗೇ ಬಂತು. ಎಣಿಸಿದ್ದು ಕಟ್ಟಿದ ಒಲೆಗಳನ್ನು, ಹೊರಹೋದ ಹೊಗೆಯನ್ನಲ್ಲ.

ಮಧ್ಯ ಅಮೆರಿಕದ ಗ್ವಾಟೆಮಾಲಾದಲ್ಲಿ ವಿಜ್ಞಾನಿ ಕಿರ್ಕ್ ಸ್ಮಿತ್ ಮತ್ತು ಸಂಗಡಿಗರು ಹೊಗೆಕೊಳವೆ ಒಲೆಗಳ ಮೇಲೆ ನಡೆಸಿದ ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಮಕ್ಕಳು ಉಸಿರಾಡುವ ಹೊಗೆ ಅರ್ಧಕ್ಕಿಳಿದಿತ್ತು. ತೀವ್ರ ನ್ಯುಮೋನಿಯಾ ಸುಮಾರು ಮೂರನೇ ಒಂದು ಪಾಲು ಇಳಿಯಿತು; ಒಟ್ಟು ನ್ಯುಮೋನಿಯಾದಲ್ಲಿ ಮಾತ್ರ ಖಚಿತವಾದ ಇಳಿಕೆ ಕಾಣಲಿಲ್ಲ. ದಟ್ಟ ಹೊಗೆ ಅರ್ಧವಾದರೆ ರೋಗವೂ ಅರ್ಧವಾಗುವುದಿಲ್ಲ. ಅಡುಗೆಮನೆಯ ಹೊಗೆ ನಿಂತು ಬಚ್ಚಲಿನದ್ದು ಉಳಿದ ಮನೆಗೆ ಈ ಮಾತು ನೇರವಾಗಿ ಅನ್ವಯಿಸುತ್ತದೆ.

ಹಾಗಾಗಿ ಕಟ್ಟಿಗೆ ಬಿಡಲಾಗದ ಮನೆಗೆ ನಮ್ಮ ಮೊದಲ ಸಲಹೆ ಹೊಸ ಮಾದರಿಯ ಒಲೆಯಲ್ಲ. ಒಲೆಯ ಬಾಯಿಯನ್ನು ಗೋಡೆಯ ಆಚೆಗೆ ತಿರುಗಿಸಿ. ಮಲೆನಾಡಿನ ಹಳೆಯ ಮನೆಗಳಲ್ಲಿ ಇದು ಇದ್ದದ್ದೇ: ಹಂಡೆಯ ಬಾಯಿ ಬಚ್ಚಲೊಳಗೆ, ಬೆಂಕಿಯ ಬಾಯಿ ಹಿತ್ತಲಿಗೆ. ಕಟ್ಟುವಾಗ ನೋಡಿಕೊಳ್ಳಬೇಕಾದದ್ದು ಇಷ್ಟು. ಹಿತ್ತಲಿನ ಕಡೆ ಗೋಡೆಯಲ್ಲಿ ಸುಮಾರು 8 ಅಂಗುಲ ಅಗಲ, 7 ಅಂಗುಲ ಎತ್ತರದ ಬಾಯಿ. ಅದರ ಮೇಲೆ ಮಳೆ ಬೀಳದ ಹಾಗೆ ಎರಡು ಅಡಿಯ ಚಾಚು. ಒಳಗೆ ನೆಲದಿಂದ ನಾಲ್ಕು ಅಂಗುಲ ಮೇಲೆ ಕಬ್ಬಿಣದ ಸರಳಿನ ಜಾಲರಿ, ಸರಳುಗಳ ನಡುವೆ ಒಂದು ಸೆಂಟಿಮೀಟರ್ ಸಂದು, ಕೆಳಗೆ ಬೂದಿಗುಂಡಿ. ಗಾಳಿ ಕೆಳಗಿಂದ ಬಂದರೆ ಊದುವ ಕೆಲಸವೇ ಇಲ್ಲ. ಬೂದಿ ತುಂಬಿ ಜಾಲರಿ ಮುಚ್ಚಿದರೆ ಮತ್ತೆ ಹೊಗೆ ಶುರು, ಆದ್ದರಿಂದ ಬೂದಿ ದಿನವೂ ತೆಗೆಯಬೇಕು. ಹಂಡೆಯ ಹೊಟ್ಟೆಗೂ ಒಲೆಯ ಗೋಡೆಗೂ ನಡುವೆ ಒಂದು ಬೆರಳಿನಷ್ಟು ಸಂದು ಇರಲಿ. ಹೆಚ್ಚಾದರೆ ಬಿಸಿ ಹಾಗೇ ಹೊರಟುಹೋಗುತ್ತದೆ, ಕಡಿಮೆಯಾದರೆ ಉರಿ ಉಸಿರುಗಟ್ಟಿ ಬಾಯಿಂದ ಹೊಗೆ ಕಾರುತ್ತದೆ. ಬಚ್ಚಲ ಕಡೆಯಲ್ಲಿ ಹಂಡೆಯ ಕಂಠದ ಸುತ್ತ ಜೇಡಿಮಣ್ಣು, ಹೊಟ್ಟು ಕಲಸಿ ಬಿರುಕಿಲ್ಲದಂತೆ ಮೆತ್ತಬೇಕು. ಒಲೆಯ ಬಾಯಿಗೆ ಎದುರು ಮಗ್ಗುಲಲ್ಲಿ, ಮೇಲ್ಭಾಗದಿಂದ ನಾಲ್ಕು ಅಂಗುಲದ ಕೊಳವೆ ನೇರ ಮೇಲಕ್ಕೆ. ಒಂದು ತಿರುವು ಪರವಾಗಿಲ್ಲ, ಎರಡಾದರೆ ಮಸಿ ಅಲ್ಲೇ ಕೂರುತ್ತದೆ. ಕೊಳವೆಯ ತುದಿ ಸೂರಿನ ನೆತ್ತಿಯಿಂದ ಎರಡು ಅಡಿ ಮೇಲೆ ಇರಬೇಕು, ಅದಕ್ಕೊಂದು ಟೊಪ್ಪಿಗೆ ಬೇಕು. ಅಗ್ಗವೆಂದು ಆಸ್ಬೆಸ್ಟಾಸ್ ಸಿಮೆಂಟಿನ ಕೊಳವೆ ಹಾಕಬೇಡಿ. ಬಿಸಿಗೆ ಸೀಳುತ್ತದೆ, ಕತ್ತರಿಸುವಾಗ ಎಳೆ ಉಸಿರಿಗೆ ಸೇರುತ್ತದೆ. ಜಿಐ ತಗಡಿನದು ಹಾಕಿ. ತಿಂಗಳಿಗೊಮ್ಮೆ ಹಗ್ಗಕ್ಕೆ ತೆಂಗಿನ ನಾರಿನ ಕುಚ್ಚು ಕಟ್ಟಿ ಮೇಲಿಂದ ಎಳೆದರೆ ಮಸಿ ಉದುರುತ್ತದೆ. ಸೌದೆ ಒಂದು ಮಳೆಗಾಲ ಮುಂಚೆಯೇ ಸೀಳಿ ಒಟ್ಟಿದ್ದಾಗಿರಲಿ. ಹೀಗೆ ಕಟ್ಟಿದ ಒಲೆಯಲ್ಲಿ ಸೌದೆ ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಉತ್ತರ ಕರ್ನಾಟಕದಲ್ಲಿ ತಾಮ್ರದ ಬಂಬ (ನಡುವಿನ ಕೊಳವೆಯಲ್ಲಿ ಕೆಂಡ ಹಾಕಿ ನೀರು ಕಾಯಿಸುವ ಪಾತ್ರೆ) ಬಳಸುವವರಿಗೆ ಇಷ್ಟೇ ಹೇಳುವುದು: ಅದನ್ನು ಅಂಗಳದಲ್ಲಿ ಹೊತ್ತಿಸಿ. ಮುಚ್ಚಿದ ಬಚ್ಚಲಲ್ಲಿ ಹೊಗೆಯಾಡದ ಕೆಂಡ ಹೊಗೆಯಾಡುವ ಕೊಳ್ಳಿಗಿಂತ ಅಪಾಯ, ಅದು ಬಿಡುವ ವಿಷಾನಿಲ ಕಣ್ಣಿಗೆ ಕಾಣುವುದಿಲ್ಲ.

ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮದ ಮೂಲಕ ಕಟ್ಟುವ ಮನೆಗಳ ನಕ್ಷೆಯಲ್ಲಿ ಈ ಹೊರಬಾಯಿಯ ಒಲೆ ಒಂದು ಐಟಂ ಆಗಲಿ. ಒಂದು ಕಿಟಕಿಯ ಹಾಗೆ, ಒಂದು ಬಾಗಿಲಿನ ಹಾಗೆ. ಬಿಲ್ ಪಾಸು ಮಾಡುವ ಮುನ್ನ ಇಂಜಿನಿಯರು ಒಲೆ ಹೊತ್ತಿಸಿ, ಬಚ್ಚಲೊಳಗೆ ನಿಂತು ನೋಡಲಿ.

ಸೋಲಾರ್ ನಿಜಕ್ಕೂ ಉತ್ತರವೇ, ಆದರೆ ಎಲ್ಲೆಡೆ ಅಲ್ಲ. ಅದಕ್ಕೆ ಎತ್ತರದಲ್ಲಿ ತಣ್ಣೀರಿನ ಟ್ಯಾಂಕ್ ಬೇಕು, ನೂರು ಲೀಟರಿನ ಭಾರ ಹೊರುವ ಸೂರು ಬೇಕು. ಹೆಂಚಿನ, ಶೀಟಿನ ಮನೆಗಳಲ್ಲಿ ಎರಡೂ ಇಲ್ಲ. ಗಡಸು ನೀರಿನ ಬೋರ್‌ವೆಲ್ ಇರುವ ಊರುಗಳಲ್ಲಿ ಕೊಳವೆಯೊಳಗೆ ಬಿಳಿ ಪದರ ಕಟ್ಟುತ್ತದೆ. ಮಲೆನಾಡಿನಲ್ಲಿ ಮಳೆಗಾಲದ ನಾಲ್ಕು ತಿಂಗಳು ಬಿಸಿಲೇ ಇಲ್ಲ. ಆರ್‌ಸಿಸಿ ಸೂರಿದ್ದಲ್ಲಿ ಸೋಲಾರ್‌ಗೆ ನೆರವು ಕೊಡಿ. ಉಳಿದಲ್ಲಿ, ಕಟ್ಟಿಗೆ ಬಿಡುವ ಮನೆಗೆ ಗೃಹಜ್ಯೋತಿಯ ಮಿತಿಯನ್ನು ತಿಂಗಳಿಗೆ 80 ಯೂನಿಟ್ ಏರಿಸಿ. ಆದರೆ ಬಕೆಟ್ಟಿಗೆ ಇಳಿಬಿಡುವ ಕಾಯಿಲ್‌ಗಾಗಿ ಅಲ್ಲ. ಅರ್ಥಿಂಗ್ ಮತ್ತು 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಕಡಿಯುವ ಸ್ವಿಚ್) ಇರುವ ಗೀಸರ್‌ಗೆ ಮಾತ್ರ. ಹೊಗೆ ತಪ್ಪಿಸಲು ಹೋಗಿ ಶಾಕ್ ಹೊಡೆಸುವುದು ಬೇಡ.

ಈಗ ಗ್ಯಾಸ್ ಗೀಸರ್. ಇದಕ್ಕೆ ಕಾಯುವ ಹಾಗಿಲ್ಲ. ಮುಂದಿನ ಚಳಿಗಾಲದೊಳಗೆ ಆಗಬೇಕಾದ ಕೆಲಸ ಇದು. ನಿಮಿಷಕ್ಕೆ ಆರು ಲೀಟರ್ ನೀರು ಕಾಯಿಸುವ ಸಾಮಾನ್ಯ ಗೀಸರ್ ನಿಮಿಷಕ್ಕೆ ಸುಮಾರು 14 ಗ್ರಾಂ ಎಲ್‌ಪಿಜಿ ಉರಿಸುತ್ತದೆ. ಅಡುಗೆ ಒಲೆಯ ಒಂದು ಬರ್ನರಿಗಿಂತ ಹಲವು ಪಟ್ಟು ಹೆಚ್ಚು. ಅಷ್ಟು ಗ್ಯಾಸ್ ಪೂರ್ತಿ ಉರಿಯಲು ನಿಮಿಷಕ್ಕೆ ಸುಮಾರು 185 ಲೀಟರ್ ಗಾಳಿ ಬೇಕು. 5 ಅಡಿಗೆ 7 ಅಡಿ, 9 ಅಡಿ ಎತ್ತರದ ಬಚ್ಚಲಲ್ಲಿರುವ ಒಟ್ಟು ಗಾಳಿಯೇ 8,900 ಲೀಟರ್. ಬಾಗಿಲು, ವೆಂಟಿಲೇಟರ್ ಮುಚ್ಚಿದ್ದರೆ ಆರೇಳು ನಿಮಿಷದಲ್ಲಿ ಆಮ್ಲಜನಕ ನೂರಕ್ಕೆ 21ರಿಂದ 18ರ ಆಸುಪಾಸಿಗೆ ಇಳಿಯುತ್ತದೆ. ಅಲ್ಲಿಂದ ಮುಂದೆ ಗ್ಯಾಸ್ ಅರೆಬರೆ ಉರಿಯುತ್ತದೆ, ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಹುಟ್ಟುತ್ತದೆ. ಬರ್ನರಿನಲ್ಲಿ ದೂಳು, ಜೇಡರ ಬಲೆ ಇದ್ದರೆ, ಮೇಲಿನ ತಾಮ್ರದ ರೆಕ್ಕೆಗಳ ನಡುವೆ ಮಸಿ ಕಟ್ಟಿದ್ದರೆ ಆಮ್ಲಜನಕ ಇಳಿಯುವ ಮೊದಲೇ ಶುರು. ನೀಲಿಯಿರಬೇಕಾದ ಜ್ವಾಲೆ ಹಳದಿಯಾಗಿ ತೂಗಾಡುತ್ತಿದ್ದರೆ ಆ ಗೀಸರ್ ಅಂದೇ ನಿಲ್ಲಬೇಕು.

ಸಾಯುವುದು ಬಹಳ ಸಲ ಮೊದಲು ಸ್ನಾನಕ್ಕೆ ಹೋದವರಲ್ಲ. ಹಬ್ಬದ ದಿನ, ಎಣ್ಣೆಸ್ನಾನದ ದಿನ ಒಬ್ಬರ ಹಿಂದೆ ಒಬ್ಬರು ಹೋಗುತ್ತಾರೆ, ಕೋಣೆಯ ಗಾಳಿ ನಡುವೆ ಬದಲಾಗುವುದಿಲ್ಲ. ಮೂರನೆಯವರ ಹೊತ್ತಿಗೆ ವಿಷ ತುಂಬಿರುತ್ತದೆ. ಕಾರ್ಬನ್ ಮಾನಾಕ್ಸೈಡ್ 1,600 ಪಿಪಿಎಂ (ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ 1,600 ಪಾಲು) ಇದ್ದರೆ ಇಪ್ಪತ್ತು ನಿಮಿಷದಲ್ಲಿ ತಲೆನೋವು, ತಲೆಸುತ್ತು, ವಾಕರಿಕೆ. ಒಂದೆರಡು ಗಂಟೆಯೊಳಗೆ ಸಾವು. 6,400 ಇದ್ದರೆ ಹತ್ತು ಹದಿನೈದು ನಿಮಿಷ ಸಾಕು. ಗ್ಯಾಸ್ ಸೋರಿದರೆ ವಾಸನೆ ಬರುತ್ತದಲ್ಲ ಎಂದು ಜನ ಧೈರ್ಯವಾಗಿರುತ್ತಾರೆ. ಆ ವಾಸನೆ ಉರಿಯದ ಎಲ್‌ಪಿಜಿಗೆ ಬೆರೆಸಿದ ಮರ್ಕ್ಯಾಪ್ಟನ್‌ನದು. ಉರಿದು ಹುಟ್ಟಿದ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯೇ ಇಲ್ಲ. ರಕ್ತದ ಹಿಮೋಗ್ಲೋಬಿನ್ ಅದನ್ನು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಮೊದಲು ಹೋಗುವುದು ಕಾಲಿನ ಶಕ್ತಿ. ಚಿಲಕದವರೆಗೆ ನಡೆಯಲಾಗುವುದಿಲ್ಲ, ಕೂಗಿದರೂ ನೀರಿನ ಸದ್ದಿನಲ್ಲಿ ಕೇಳಿಸುವುದಿಲ್ಲ.

ಕಿಟಕಿ ತೆಗೆದಿಡಿ ಎಂಬ ಸಲಹೆಯನ್ನು ನಾವು ಒಪ್ಪುವುದಿಲ್ಲ. ಬೆಂಗಳೂರಿನ ಬಾಡಿಗೆ ಮನೆಗಳಲ್ಲಿ ಬಚ್ಚಲಿನ ವೆಂಟಿಲೇಟರ್ ತೆರೆದುಕೊಳ್ಳುವುದು ಪಕ್ಕದ ಮನೆಯ ಗೋಡೆಗೆ ಅಥವಾ ಡಕ್ಟಿಗೆ. ಚಳಿಯಲ್ಲಿ, ಮರ್ಯಾದೆಗೆ ಅಂಜಿ ಅದನ್ನೂ ಮುಚ್ಚುತ್ತಾರೆ. ಎಕ್ಸಾಸ್ಟ್ ಫ್ಯಾನೂ ಭರವಸೆಯಲ್ಲ: ಬಾಗಿಲ ಕೆಳಗೆ ಗಾಳಿ ಒಳಬರಲು ದಾರಿಯಿಲ್ಲದಿದ್ದರೆ ಅದು ಹೊಗೆಕೊಳವೆಯ ಅನಿಲವನ್ನೇ ಕೆಳಕ್ಕೆ ಎಳೆಯುತ್ತದೆ. ನಿಯಮ ಒಂದೇ ಸಾಲಿನದಾಗಿರಲಿ: ಗ್ಯಾಸ್ ಗೀಸರ್, ಅದರ ಸಿಲಿಂಡರ್ ಎರಡೂ ಬಚ್ಚಲಿನ ಹೊರಗೆ, ಗಾಳಿಯಾಡುವ ಯುಟಿಲಿಟಿಯಲ್ಲಿ ಅಥವಾ ಬಾಲ್ಕನಿಯಲ್ಲಿ, ಒಳಗೆ ಬರುವುದು ಬಿಸಿನೀರಿನ ಪೈಪು ಮಾತ್ರ. ಗೀಸರ್‌ಗೆ ಬಿಐಎಸ್‌ನ ಐಎಸ್ 15558 ಗುರುತು, ಒಂದೂವರೆ ಮೀಟರ್ ಮೀರದ ಐಎಸ್‌ಐ ರಬ್ಬರ್ ಪೈಪು, ಐದು ವರ್ಷಕ್ಕೊಮ್ಮೆ ಪೈಪಿನ ಬದಲಾವಣೆ, ವರ್ಷಕ್ಕೊಮ್ಮೆ ಬರ್ನರ್ ಸ್ವಚ್ಛತೆ. ಕಾರ್ಬನ್ ಮಾನಾಕ್ಸೈಡ್ ಅಲಾರಂ ಹಾಕುವವರು ಹಬೆ ತುಂಬುವ ಬಚ್ಚಲೊಳಗಲ್ಲ, ಬಾಗಿಲ ಹೊರಗಿನ ಗೋಡೆಗೆ ಹಾಕಲಿ. ಆದರೆ ಅಲಾರಂ ಇದೆಯೆಂದು ಗೀಸರ್ ಒಳಗೆ ಬಿಡುವಂತಿಲ್ಲ.

ಇದನ್ನು ಜಾರಿಗೆ ತರಲು ಹೊಸ ಸಿಬ್ಬಂದಿ ಬೇಕಿಲ್ಲ. ಗ್ಯಾಸ್ ಏಜೆನ್ಸಿಯವರು ಕಡ್ಡಾಯ ತಪಾಸಣೆಗೆ ಬಂದಾಗ ಅಡುಗೆ ಒಲೆ ನೋಡಿ ಹಿಂತಿರುಗುವ ಬದಲು ಬಚ್ಚಲಿಗೂ ಹೋಗಲಿ; ತೈಲ ಕಂಪನಿಗಳೊಂದಿಗೆ ರಾಜ್ಯವೇ ಈ ಮಾತು ಆಡಲಿ. ಸ್ವಾಧೀನಾನುಭವ ಪತ್ರ ಕೊಡುವಾಗ, ಪಿಜಿಗಳಿಗೆ ಪರವಾನಗಿ ಕೊಡುವಾಗ, ನವೀಕರಿಸುವಾಗ ಇದೊಂದು ಷರತ್ತಾಗಲಿ. ಸ್ಥಳಾಂತರದ ಖರ್ಚು ಬಾಡಿಗೆದಾರರ ತಲೆಗೆ ಬೀಳದೆ ಮನೆ ಮಾಲೀಕರ ಹೊಣೆ ಎಂದು ಸ್ಪಷ್ಟವಾಗಿ ಬರೆಯಿರಿ. ಅಲ್ಲಿಯವರೆಗೆ, ಈ ಪತ್ರ ಓದುತ್ತಿರುವ ಬಾಡಿಗೆದಾರರೇ, ಬಾಗಿಲು ತೆಗೆದಿಟ್ಟು ಬಕೆಟ್ ತುಂಬಿಸಿ, ಗೀಸರ್ ಆರಿಸಿ, ಹತ್ತು ನಿಮಿಷ ಬಿಟ್ಟು ಒಳಗೆ ಹೋಗಿ. ಸ್ನಾನ ಮಾಡುತ್ತಿರುವಾಗ ಗೀಸರ್ ಉರಿಯುತ್ತಿರಬಾರದು. ಹೊರಗಿಂದಲೂ ತೆಗೆಯಲು ಬರುವ ಚಿಲಕ ಹಾಕಿಸಿ. ಒಳಗೆ ಹೋದವರು ಸದ್ದು ಮಾಡದಿದ್ದರೆ ಬಾಗಿಲು ಒಡೆದು, ಉಸಿರು ಬಿಗಿಹಿಡಿದು ಅವರನ್ನು ಮೊದಲು ಹೊರಗೆಳೆಯಿರಿ, ಆಮೇಲೆ ಗ್ಯಾಸ್ ಆರಿಸಿ, 108ಕ್ಕೆ ಕರೆ ಮಾಡಿ.

ಆಸ್ಪತ್ರೆಗಳ ಬಗ್ಗೆ ಆರೋಗ್ಯ ಇಲಾಖೆಗೆ ಒಂದು ಮುಖ್ಯ ಮಾತು. ಬಚ್ಚಲಲ್ಲಿ ಬಿದ್ದು ಬಂದವರ ಬೆರಳಿಗೆ ಪಲ್ಸ್ ಆಕ್ಸಿಮೀಟರ್ ಸಿಕ್ಕಿಸಿದರೆ 98, 99 ಎಂದು ತೋರಿಸಬಹುದು. ಕಾರ್ಬನ್ ಮಾನಾಕ್ಸೈಡ್ ಹಿಡಿದ ಹಿಮೋಗ್ಲೋಬಿನ್ನನ್ನೂ ಆ ಯಂತ್ರ ಆಮ್ಲಜನಕ ಹಿಡಿದದ್ದೆಂದೇ ಓದುತ್ತದೆ. ಅದನ್ನು ನಂಬಿ ಫಿಟ್ಸ್, ಲೋ ಬಿಪಿ ಎಂದು ಬರೆದು ಮನೆಗೆ ಕಳಿಸಿದರೆ, ಅವರು ಮತ್ತೆ ಅದೇ ಬಚ್ಚಲಿಗೆ ಹೋಗುತ್ತಾರೆ. ನರರೋಗ ತಜ್ಞರು ಇದಕ್ಕೆ ಗ್ಯಾಸ್ ಗೀಸರ್ ಸಿಂಡ್ರೋಮ್ ಎಂದೇ ಹೆಸರಿಟ್ಟಿದ್ದಾರೆ. ಸ್ನಾನದ ಹೊತ್ತಿನಲ್ಲಿ ಪ್ರಜ್ಞೆ ತಪ್ಪಿದವರಿಗೆಲ್ಲ ಮೊದಲ ಪ್ರಶ್ನೆ "ನೀರು ಯಾವುದರಲ್ಲಿ ಕಾಯಿಸುತ್ತೀರಿ" ಎಂಬುದಾಗಿರಲಿ. ಅನುಮಾನ ಬಂದ ಕೂಡಲೇ ಚೀಲವಿರುವ ನಾನ್-ರೀಬ್ರೀದರ್ ಮಾಸ್ಕಿನಲ್ಲಿ ನಿಮಿಷಕ್ಕೆ 10ರಿಂದ 15 ಲೀಟರ್ ಆಮ್ಲಜನಕ ಕೊಡಬೇಕು, ರಿಪೋರ್ಟಿಗೆ ಕಾಯಬಾರದು. ಬರಿಯ ಗಾಳಿಯಲ್ಲಿ ರಕ್ತದ ವಿಷ ಅರ್ಧಕ್ಕಿಳಿಯಲು ನಾಲ್ಕೈದು ಗಂಟೆ ಬೇಕು, ಶುದ್ಧ ಆಮ್ಲಜನಕದಲ್ಲಿ ಒಂದರಿಂದ ಒಂದೂವರೆ ಗಂಟೆ. ಗರ್ಭಿಣಿಯಾದರೆ ಇನ್ನೂ ಹೆಚ್ಚು ಹೊತ್ತು ಕೊಡಬೇಕು, ಹೊಟ್ಟೆಯಲ್ಲಿರುವ ಕೂಸಿನ ರಕ್ತ ಆ ವಿಷವನ್ನು ನಿಧಾನವಾಗಿ ಬಿಡುತ್ತದೆ. ಜಿಲ್ಲಾ ಆಸ್ಪತ್ರೆಗಳಲ್ಲಾದರೂ ರಕ್ತದಲ್ಲಿನ ಕಾರ್ಬನ್ ಮಾನಾಕ್ಸೈಡ್ ಬೇರೆಯಾಗಿ ಅಳೆಯುವ ಕೋ-ಆಕ್ಸಿಮೆಟ್ರಿ ಇರುವ ಬ್ಲಡ್ ಗ್ಯಾಸ್ ಯಂತ್ರ ಇರಲಿ. ಬದುಕಿ ಮನೆಗೆ ಹೋದವರಲ್ಲಿ ಕೆಲವರಿಗೆ ಎರಡರಿಂದ ಆರು ವಾರಗಳ ಮೇಲೆ ಮರೆವು, ನಡುಕ, ಸ್ವಭಾವದ ಬದಲಾವಣೆ ಕಾಣಿಸಿಕೊಳ್ಳಬಹುದು. ಬಿಡುಗಡೆಯ ಚೀಟಿಯಲ್ಲಿ ಇದನ್ನು ಕನ್ನಡದಲ್ಲಿ ಬರೆದುಕೊಡಿ. ಇಂಥ ಸಾವುಗಳು ಪೊಲೀಸ್ ಠಾಣೆಯಲ್ಲಿ ಅಸಹಜ ಸಾವು ಎಂದು ದಾಖಲಾಗುತ್ತವೆ. ಅವುಗಳಿಂದ ಬಚ್ಚಲಿನ ಸಾವುಗಳನ್ನು ಬೇರೆ ಮಾಡಿ, ಜಿಲ್ಲಾವಾರು ಸಂಖ್ಯೆಯನ್ನು ವರ್ಷಕ್ಕೊಮ್ಮೆ ಪ್ರಕಟಿಸಿ.

ಮನೆಯೊಳಗೆ ಹೊಗೆಯ ಮೂಲ ಇನ್ನೂ ಇವೆ. ಸೊಳ್ಳೆ ಬತ್ತಿ ಒಂದು ಪೂರ್ತಿ ಉರಿದರೆ 75ರಿಂದ 137 ಸಿಗರೇಟಿನಷ್ಟು ಸೂಕ್ಷ್ಮ ಕಣ ಬರುತ್ತದೆಂದು ಅಳೆದವರಿದ್ದಾರೆ. ಸೊಳ್ಳೆಪರದೆ ಅದಕ್ಕಿಂತ ಒಳ್ಳೆಯದು. ಊದುಬತ್ತಿ ಹಚ್ಚುವಾಗ ಕಿಟಕಿ ತೆರೆದಿರಲಿ. ಕೊಡಗು, ಚಿಕ್ಕಮಗಳೂರಿನ ಎಸ್ಟೇಟ್ ಲೈನುಗಳಲ್ಲಿ ಚಳಿಗೆ ಇದ್ದಿಲು ಹಾಕಿ ಬಾಗಿಲು ಮುಚ್ಚಿ ಮಲಗುವುದನ್ನು ಕಾರ್ಮಿಕ ಇಲಾಖೆ ನೋಡಬೇಕು. ಇವುಗಳ ಬಗ್ಗೆ ಆಗಾಗ ಬರೆಯುವವರಿದ್ದಾರೆ, ಬಚ್ಚಲಿನ ಬಗ್ಗೆ ಇಲ್ಲ.

ದೀಪಾವಳಿಯ ಹಿಂದಿನ ಸಂಜೆ ನಾಡಿನ ಮನೆಮನೆಯಲ್ಲಿ ನೀರು ತುಂಬುವ ಹಬ್ಬ. ಹಂಡೆ ತಿಕ್ಕಿ ಹೊಳೆಯಿಸಿ, ಸುಣ್ಣ ಕೆಮ್ಮಣ್ಣು ಬಳಿದು, ಕೊರಳಿಗೆ ಹೂ ಕಟ್ಟಿ ನೀರು ತುಂಬುತ್ತಾರೆ. ಮಾರನೆಯ ಬೆಳಗಿನ ಜಾವ ಹಳ್ಳಿಯ ಒಲೆಗಳೂ ಪೇಟೆಯ ಗೀಸರ್‌ಗಳೂ ವರ್ಷದಲ್ಲೇ ಅತಿ ಹೆಚ್ಚು ಹೊತ್ತು ಉರಿಯುತ್ತವೆ. ಗ್ಯಾಸ್ ಗೀಸರ್ ಬಚ್ಚಲಿನ ಹೊರಗಿರಬೇಕೆಂಬ ಆದೇಶ, ಆಶಾ ಕಾರ್ಯಕರ್ತೆಯರ ಪಟ್ಟಿಗೆ ಮೂರು ಪ್ರಶ್ನೆ, ಆಸ್ಪತ್ರೆಗಳಿಗೆ ಆಮ್ಲಜನಕದ ಸುತ್ತೋಲೆ, ಈ ಮೂರಕ್ಕೂ ಬಜೆಟ್ ಬೇಕಿಲ್ಲ. ಈ ವರ್ಷದ ಆ ಹಬ್ಬದೊಳಗೆ ಅವು ಹೊರಬರಲಿ. ಮನೆ ನಕ್ಷೆ, ಗೃಹಜ್ಯೋತಿ, ಯಂತ್ರಗಳ ಖರೀದಿಗೆ ಮುಂದಿನ ಬಜೆಟ್ಟಿನವರೆಗೆ ಸಮಯವಿದೆ. ಒಲೆಯ ಅಳತೆಯ ಚಿತ್ರ, ಆಶಾ ತರಬೇತಿಯ ಪಾಠ, ಏಜೆನ್ಸಿಯವರ ತಪಾಸಣಾ ಪಟ್ಟಿ ಬರೆದುಕೊಡಲು ನಾವು ಸಿದ್ಧರಿದ್ದೇವೆ.

ಇಂತಿ,
ಒಲೆ ಕಟ್ಟುವವರು, ಗಾಳಿ ಅಳೆಯುವವರು, ಉಸಿರಿನ ಕಾಯಿಲೆಗೆ ಔಷಧಿ ಕೊಡುವವರು